ಜಾತಿ ಮರಿ

“ಯಾವ ಜಾತಿ?”

ನಿಡಘಟ್ಟದ ಹೊನ್ನಯ್ಯನ ಹುಬ್ಬು ಗಂಟಾಯಿತು. ಮದ್ದೂರಿನ ನಾಯಿ ಕ್ಲಿನಿಕ್ಕಿನಲ್ಲೂ ಇದನ್ನು ಕೇಳುತ್ತಾರೆಂದು ಅವನು ಎಣಿಸಿರಲಿಲ್ಲ.

“ಒಳ್ಳೇ ಜಾತಿ ಕಣಮ್ಮ. ಏಳು ತಲೆಯಿಂದ ಬೆರಕೆ ಇಲ್ಲ.”

“ಅಂದ್ರೆ ಮುಧೋಳಾನಾ?”

ಹೊನ್ನಯ್ಯ ಹೌದೆಂದು ತಲೆಯಾಡಿಸಿದ. ಡಾಕ್ಟರ್ ಶ್ವೇತ ಬರೆದುಕೊಂಡಳು. ಅವನು ಜೇಬಿನಿಂದ ಎರಡು ಪ್ಲಾಸ್ಟಿಕ್ ಕೊಳವೆ ತೆಗೆದಿಟ್ಟ. ಒಳಗೆ ಹತ್ತಿ ಸುತ್ತಿದ ಕಡ್ಡಿ. ಒಂದರ ಮೇಲೆ ‘ಅಪ್ಪ’, ಇನ್ನೊಂದರ ಮೇಲೆ ‘ಮರಿ’. ಬರಹ ಮಗ ಶಶಿಧರನದು.

“ನಾಯಿಗಳನ್ನೇ ಕರ್ಕೊಂಡು ಬಂದಿದ್ರೆ ಚೆನ್ನಾಗಿತ್ತು.”

“ಯಾಕೆ ಎಳ್ಕ ಬರಾದು ಅಂತ. ನೀವು ಫೋನಲ್ಲಿ ಹೇಳ್ದಂಗೇ ಕೆನ್ನೆ ಒಳಗೆ ಉಜ್ಜಿವಿ.”

“ತಾಯೀದು?”

“ಅವಳ್ನ ಮಳವಳ್ಳಿಗೆ ಅಟ್ಟಾಯ್ತು. ನಮ್ಮನೇಲಿ ಎಲ್ಲಾ ಕರಿ ಕಣ್ಣು. ಮರೀದು ಬೆಕ್ಕಿನ ಕಣ್ಣು. ಅಪ್ಪ ಯಾರು ಅಂತ ಗೊತ್ತಾಗ್ಲಿ. ನಮ್ಮದಾದ್ರೆ ಇಟ್ಕತೀವಿ. ಇಲ್ದಿದ್ರೆ ಅದೂ ತಾಯಿ ಹಿಂದೇನೇ ಓಯ್ತದೆ.”

ಮೇಜಿನ ಕೆಳಗೆ ಮಲಗಿದ್ದ ತನ್ನ ಲ್ಯಾಬ್ರಡಾರ್ ಕಡೆಗೆ ಶ್ವೇತ ಕೈ ತೋರಿಸಿದಳು. “ಇದು ಕರಿ, ಇದರ ಗಂಡೂ ಕರಿ. ಹುಟ್ಟಿದ ಮರಿಗಳಲ್ಲಿ ಎರಡು ಕಂದು, ಕಣ್ಣು ಜೇನಿನ ಬಣ್ಣ. ಅಪ್ಪ ಅಮ್ಮ ಇಬ್ಬರಲ್ಲೂ ಅಡಗಿದ್ದದ್ದು ಮರೀಲಿ ಕೂಡಿ ಹೊರಗೆ ಬರುತ್ತೆ. ಅಷ್ಟಕ್ಕೇ ತಾಯೀನ ಅಟ್ಟಿಬಿಟ್ರಾ?”

“ನೀವು ಲ್ಯಾಬಿಗೆ ಕಳ್ಸಮ್ಮ.”

ಮೂರು ವಾರ ಕಳೆಯಿತು. ಮರಿ ಊಟ ಬಿಟ್ಟಿತು. ಹೊಸಿಲ ಮೇಲೆ ಕೂತಿರುತ್ತಿತ್ತು, ಬಸ್ಸಿನ ಸದ್ದಾದರೆ ಎದ್ದು ನಿಲ್ಲುತ್ತಿತ್ತು.

“ಎಳೇದು, ತಾಯಿ ಬೇಕು ಅಂತದೆ. ಪಾಪ ಸುತ್ಕತದೆ,” ಅಂದಳು ಹೆಂಡತಿ ಮಲ್ಲಿಗಮ್ಮ.

“ಬೆರಕೇನ ಮಡ್ಲಲ್ಲಿ ಮಡಿಕಂಡು ನಂಗೆ ಬುದ್ಧಿ ಹೇಳ್ಬ್ಯಾಡ.”

ರಿಪೋರ್ಟ್ ಬಂದ ದಿನ ಶ್ವೇತ ಕಾಗದವನ್ನು ಎರಡು ಸಲ ಓದಿದಳು. ಆಮೇಲೆ ಹೊನ್ನಯ್ಯನ ಮುಖ ನೋಡಿದಳು.

“ಯಜಮಾನ್ರೇ, ಲ್ಯಾಬ್‌ನೋರು ಪರೀಕ್ಷೆ ಮಾಡಿಲ್ಲ. ಎರಡೂ ನಾಯೀದಲ್ಲವಂತೆ.”

“ಅದ ಬುಡಮ್ಮ. ಅಪ್ಪ ಅವನೇ ಹೌದಾ ಅಲ್ವಾ, ಅದ ಹೇಳು.”

ಶ್ವೇತ ಕಾಗದವನ್ನು ಹೊನ್ನಯ್ಯನ ಕಡೆಗೆ ತಿರುಗಿಸಿದಳು. ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಶಶಿಧರನ ನಂಬರು. ಕಿವಿ ಮಂದ, ಅಭ್ಯಾಸದಂತೆ ಸ್ಪೀಕರ್ ಒತ್ತಿದ. ಆ ಕಡೆಯಿಂದ ಬಂದದ್ದು ಮಗನ ದನಿಯಲ್ಲ.

“ತಾತಾ, ನನ್ ಕಣ್ಣು ಯಾರ್ದು ಅಂದ್ರು? ಇನ್ನಾದ್ರೂ ಅವ್ವ ಬತ್ತಾಳಾ?”