ಲೆನೋರಾ ಮನೆ ಹತ್ತಿರ ಬಲಕ್ಕೆ

"ಸೇತುವೆ ಇಳಿದ ಮೇಲೆ ಬೇಕರಿ ಹತ್ರ ಎಡಕ್ಕೆ ತಿರುಗಮ್ಮ. ಕುಲುಮೆ ಗೇಟಿನ ತನಕ ನೆಟ್ಟಗೆ ಹೋಗು. ಆಮೇಲೆ ಲೆನೋರಾ ಮನೆ ಹತ್ರ ಬಲಕ್ಕೆ. ಅಲ್ಲಿಗೆ ಹೊಳೆ ಕಾಣುತ್ತೆ," ಎಂದ ಎಮಿಲ್.

ಅಂಗಳದಲ್ಲಿ ನಿಂತಿದ್ದ ಹುಡುಗಿ ತಲೆಯಾಡಿಸಿದಳು. ಹೆಸರು ಟೆಸ್, ಯಾವುದೋ ಪತ್ರಿಕೆಗೆ ಈ ಊರಿನ ಬಗ್ಗೆ ಬರೆಯಲು ಬಂದವಳು. ಉಕ್ಕು ಹೇರಿಕೊಂಡು ದೋಣಿಗಳು ಹೊರಡುತ್ತಿದ್ದ ಹಳೆಯ ಕಟ್ಟೆಯನ್ನು ಅವಳು ನೋಡಬೇಕಾಗಿತ್ತು. ಬೆಳಗಿನಿಂದ ದಾರಿ ತಪ್ಪಿ ತಪ್ಪಿ ಸುಸ್ತಾಗಿದ್ದಳು. ತಪ್ಪದೆ ಇನ್ನೇನು? ಬೇಕರಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಉಕ್ಕು ಕರಗಿಸುತ್ತಿದ್ದ ಕುಲುಮೆಯ ಗೇಟನ್ನು ಗುಜರಿಯವರು ಬಿಚ್ಚಿಕೊಂಡು ಹೋಗಿದ್ದರು. ಒಹಾಯೋ ನದಿಯ ದಂಡೆಯ ಈ ಪುಟ್ಟ ಊರಿನಲ್ಲಿ ಯಾರನ್ನು ಕೇಳಿದರೂ, ಈಗ ಇಲ್ಲದ್ದನ್ನೇ ಗುರುತಾಗಿ ಹಿಡಿದು ದಾರಿ ಹೇಳುತ್ತಿದ್ದರು. ಹಾಗೆ ಹೇಳುತ್ತಿದ್ದೇವೆಂಬುದು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಕಾಫಿ ಹಿಡಿದು ಬರುತ್ತಿದ್ದ ಬರ್ನೀಸ್ ಬಾಗಿಲಲ್ಲೇ ನಿಂತಳು. ಬೇಕರಿ, ಗೇಟು, ಇವೆಲ್ಲ ಊರಿಗೇ ಸೇರಿದ ಗುರುತುಗಳು. ಆದರೆ ಆ ತಿರುವನ್ನು ಜನ ದರ್ಜಿ ಅಂಗಡಿ ಮೂಲೆ ಎನ್ನುತ್ತಿದ್ದರು. ಲೆನೋರಾ ಮನೆ ಎನ್ನುತ್ತಿದ್ದವನು ತನ್ನ ಗಂಡ ಒಬ್ಬನೇ. ಲೆನೋರಾ ಎಮಿಲನ ಜೊತೆ ಕೈಕೈ ಹಿಡಿದು ತಿರುಗಾಡಿದ್ದು ಬರ್ನೀಸ್ ಬರುವುದಕ್ಕೂ ಮುಂಚೆ. ಕುಲುಮೆ ಆರಿದ ವರ್ಷ ಟೆಕ್ಸಾಸಿಗೆ ಹೋದವಳು ಮತ್ತೆ ಇತ್ತ ತಲೆ ಹಾಕಿರಲಿಲ್ಲ. ಅವಳ ಮನೆಯನ್ನು ನಗರಸಭೆಯವರು ಕೆಡವಿಸಿದ್ದೂ ಆಗಿತ್ತು. ಎಮಿಲನ ಬಾಯಲ್ಲಿ ಮಾತ್ರ ಅದು ಕಿಟಕಿ ಬಾಗಿಲ ಸಮೇತ ನಿಂತಿತ್ತು.

"ನಾನೇ ಕರ್ಕೊಂಡು ಹೋಗ್ತೀನಿ ಬಾ," ಎಂದಳು ಬರ್ನೀಸ್. "ಇವನು ಹೇಳಿದ ದಾರಿ ಹಿಡಿದ್ರೆ ಸೀದಾ ಹೊಳೆಗೇ ಇಳೀತೀಯ."

ಆ ತಿರುವಿನಲ್ಲಿ ಟೆಸ್ ಕಾರು ನಿಲ್ಲಿಸಲು ಹೇಳಿದಳು. ಖಾಲಿ ಸೈಟಿನ ನಡುವೆ ಸಿಮೆಂಟಿನ ಮೂರು ಮೆಟ್ಟಿಲು ಮಾತ್ರ ಉಳಿದಿದ್ದವು, ಎಲ್ಲಿಗೂ ಹತ್ತಿಸದ ಮೆಟ್ಟಿಲು. ಹುಡುಗಿಗೆ ಅದನ್ನು ಕಂಡು ಎಲ್ಲಿಲ್ಲದ ಸಂತೋಷ. ಕೂತು, ಬಗ್ಗಿ, ಹಿಂದೆ ಸರಿದು ಫೋಟೋ ತೆಗೆದಳು. ನಿಮ್ಮ ಊರಿನ ಕಥೆಯೆಲ್ಲ ಇಲ್ಲೇ ಇದೆ, ಪತ್ರಿಕೆಯ ಮೊದಲ ಪುಟಕ್ಕೆ ಇದನ್ನೇ ಹಾಕುತ್ತೇನೆ ಎಂದಳು. ಬರ್ನೀಸ್ ಮೆಟ್ಟಿಲನ್ನು ನೋಡುತ್ತಿರಲಿಲ್ಲ. ಸುತ್ತಲಿನ ಸೈಟುಗಳಲ್ಲೆಲ್ಲ ಹುಲ್ಲು ಮೊಣಕಾಲಿನವರೆಗೆ ಬೆಳೆದಿತ್ತು. ಇಲ್ಲಿ ಮಾತ್ರ ಯಾರೋ ಅಂಚು ನೋಡಿಕೊಂಡು, ಒಪ್ಪವಾಗಿ ಕತ್ತರಿಸಿದ್ದರು.

"ಇದೇ ಅಲ್ವಾ ಲೆನೋರಾ ಅವರ ಮನೆ? ಯಾರವರು?" ಎಂದು ಟೆಸ್ ಕೇಳಿದಳು.

"ಮನೆ ಅಲ್ಲ, ದರ್ಜಿ ಅಂಗಡಿ," ಎಂದಳು ಬರ್ನೀಸ್. "ಎಮಿಲ್‌ಗೆ ವಯಸ್ಸಾಯ್ತು. ಒಂದಕ್ಕೆ ಇನ್ನೊಂದು ಹೇಳ್ತಾನೆ."

ಸಂಜೆ ಇಬ್ಬರೂ ಎಲೆಕೋಸು ಹಾಕಿದ ನೂಡಲ್ಸ್ ತಿನ್ನುತ್ತಿದ್ದಾಗ ಫೋನು ಬಂತು. ಎತ್ತಿದವನು ಎಮಿಲ್. ಆ ಹುಡುಗಿಯೇ. ಫೋಟೋದ ಕೆಳಗೆ ಬರೆಯುವುದು ತಪ್ಪಾಗಬಾರದಲ್ಲ, ಅದು ದರ್ಜಿ ಅಂಗಡಿ ತಾನೆ ಎಂದು ಇನ್ನೊಮ್ಮೆ ಕೇಳುತ್ತಿದ್ದಳು. ಎಮಿಲನ ಹುಬ್ಬು ಮೇಲೇರಿತು. ಅವನು ಬರ್ನೀಸಳ ಕಡೆ ನೋಡಿದ. ಬರ್ನೀಸ್ ತಟ್ಟೆಯ ಕಡೆ ನೋಡಿದಳು. ಈಗ ಅವನು ಆ ಹೆಸರನ್ನು ಹೇಳಿಬಿಟ್ಟರೆ ಅದು ಅಚ್ಚಾಗುತ್ತದೆ, ಊರವರೆಲ್ಲ ಓದುತ್ತಾರೆ, ಭಾನುವಾರ ಚರ್ಚಿನಲ್ಲಿ ತನ್ನ ಮುಖ ನೋಡುತ್ತಾರೆ.

"ಹೌದಮ್ಮ," ಎಂದ ಎಮಿಲ್. "ದರ್ಜಿ ಅಂಗಡೀನೇ."

ಬಂದು ಕೂತ. ದರ್ಜಿ ಅಂಗಡಿ ಇದ್ದದ್ದು ಪಕ್ಕದ ಸೈಟಿನಲ್ಲಿ ಎಂದು ಮೆಲ್ಲಗೆ ನೆನಪಿಸಿದ. ಗೊತ್ತು ಎಂದಳು ಅವಳು.

"ಆ ಮನೇದು ಒಂದು ಇಟ್ಟಿಗೇನೂ ಉಳಿದಿಲ್ಲ. ಅದರ ಮೇಲೂ ಹೊಟ್ಟೆಕಿಚ್ಚಾ ನಿಂಗೆ?"

"ಹುಲ್ಲು ಕತ್ತರಿಸೋನು ಯಾರು?"

ಎಮಿಲ್ ಕತ್ತು ಕೆರೆದುಕೊಂಡ. ಚರ್ಚಿನ ಹುಲ್ಲು ಕತ್ತರಿಸಿ ಬರುವ ದಾರಿ, ಯಂತ್ರ ಹೇಗೂ ಗಾಡಿಯಲ್ಲೇ ಇರುತ್ತದೆ, ಬಿಟ್ಟರೆ ಇಲಿ ಹಾವು ಸೇರಿಕೊಳ್ಳುತ್ತವೆ ಎಂದು ಏನೇನೋ ಹೇಳಿದ. ಪಕ್ಕದ ಸೈಟುಗಳಿಗೆ ಇಲಿ ಹಾವು ಬರುವುದಿಲ್ಲವೇ ಎಂಬ ಮಾತು ಬರ್ನೀಸಳ ನಾಲಿಗೆಯ ತುದಿಗೆ ಬಂದಿತ್ತು. ಕೇಳಿದ್ದು ಬೇರೆಯದನ್ನು.

"ಯಾರಾದ್ರೂ ನಮ್ಮ ಮನೆಗೆ ದಾರಿ ಕೇಳಿದ್ರೆ ಏನಂತೀಯ?"

"ಏನಂತೀನಿ? ಇಳಿಜಾರಿನ ಕೊನೇ ಮನೆ, ಹಸಿರು ಬಾಗಿಲು."

"ಬರ್ನೀಸ್ ಮನೆ ಅನ್ನಲ್ವಾ?"

ಎಮಿಲ್ ನಿಜವಾಗಿಯೂ ಅರ್ಥವಾಗದವನಂತೆ ಅವಳನ್ನು ನೋಡಿದ. ಆಮೇಲೆ ನಕ್ಕು, ಬಾಣಲೆಯಲ್ಲಿ ಉಳಿದಿದ್ದ ನೂಡಲ್ಸನ್ನೆಲ್ಲ ಅವಳ ತಟ್ಟೆಗೆ ಬಡಿಸಿದ. "ಹುಚ್ಚಿ. ನೀನು ಇಲ್ಲೇ ಇದ್ದೀಯಲ್ಲೇ. ಇರೋರ ಹೆಸರು ಹಿಡಿದು ದಾರಿ ಹೇಳ್ತಾರಾ ಯಾರಾದ್ರೂ?"

ಅಷ್ಟು ಪ್ರೀತಿಯಿಂದ ಹೇಳಿದ ಮಾತಿಗೆ ಸಿಟ್ಟಾಗುವುದು ಹೇಗೆಂದು ಬರ್ನೀಸಳಿಗೆ ತಿಳಿಯಲಿಲ್ಲ. ಕಸ ಹೊರಗಿಟ್ಟು ಬರುತ್ತೇನೆಂದು ಎದ್ದಳು. ಕಸ ಇಟ್ಟದ್ದಾಯಿತು, ಒಳಗೆ ಬರಲಿಲ್ಲ. ಕಾರಿನೊಳಗೆ ಕೂತು, ಸದ್ದಾಗದಂತೆ ಬಾಗಿಲು ಎಳೆದುಕೊಂಡಳು. ಅಡುಗೆಮನೆಯ ಕಿಟಕಿಯಲ್ಲಿ ಎಮಿಲ್ ತಲೆ ತಗ್ಗಿಸಿಕೊಂಡು ಊಟ ಮಾಡುತ್ತಿದ್ದ. ಎದುರಿನ ಖಾಲಿ ಕುರ್ಚಿಯತ್ತ ಅವನು ಯಾವಾಗ ತಲೆಯೆತ್ತುತ್ತಾನೋ ಎಂದು ಅವಳು ಕಾಯುತ್ತ ಕೂತಳು.