ಮಾಮೂಲಿ ಗಂಟೆ

ಫೋನು ಟ್ರಿಣ್ ಎಂದದ್ದೇ ತಡ, ಊಟಕ್ಕೆ ಕೂತಿದ್ದ ಮೂವರೂ ಎಂಜಲು ಕೈಯಲ್ಲೇ ಎದ್ದರು. ಗಂಡನ ಕಾಲು ತಾಗಿ ನೀರಿನ ಚೊಂಬು ಉರುಳಿತು. ಮಂಡಿನೋವಿನ ಅತ್ತೆಯೇ ಎಲ್ಲರಿಗಿಂತ ಮೊದಲು ಹೋಗಿ ರಿಸೀವರ್ ಎತ್ತಿದರು. "ಯಾರು?... ಇಲ್ಲಪ್ಪಾ, ಇದು ಟೈರ್ ಅಂಗಡಿ ಅಲ್ಲ." ಅವರು ಫೋನಿಟ್ಟ ಮೇಲೂ ಸೊಸೆ ಗೋಡೆ ಹಿಡಿದು ನಿಂತೇ ಇದ್ದಳು. ಎದೆ ಹೊಡೆದುಕೊಳ್ಳುವುದು ಪಕ್ಕದವರಿಗೂ ಕೇಳಿಸುವಂತಿತ್ತು.

ಅವಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಹೊಂದುವ ಕಿಡ್ನಿ ಸಿಕ್ಕ ದಿನ ಆಸ್ಪತ್ರೆಯವರು ಫೋನ್ ಮಾಡುತ್ತಾರೆ. ಉಟ್ಟ ಬಟ್ಟೆಯಲ್ಲೇ ಹೊರಟು ಬರಬೇಕು. ಎತ್ತದಿದ್ದರೆ ಸರದಿಯಲ್ಲಿ ಮುಂದಿನವರಿಗೆ. ಹಾಗೆಂದು ಹೇಳಿ ಕಳಿಸಿದ ದಿನದಿಂದ ಮನೆಯ ಮೂಲೆಯಲ್ಲಿ ಫೋನಲ್ಲ, ಹಾವೊಂದು ಸುರುಳಿ ಸುತ್ತಿ ಕೂತಂತಾಗಿತ್ತು. ಟೈರ್ ಕೇಳುವವರು, ಚೀಟಿಯವರು, ಓರಗಿತ್ತಿ, ಯಾರು ಕರೆದರೂ ಅವಳ ಜೀವ ಬಾಯಿಗೆ ಬರುತ್ತಿತ್ತು.

"ಹೀಗೇ ಆದ್ರೆ ಕಿಡ್ನಿ ಬರೋದ್ರೊಳಗೆ ನಿನ್ನ ಹಾರ್ಟು ಹೋಗುತ್ತೆ" ಎಂದ ಗಂಡ. ಅವನದು ರೇಡಿಯೋ, ಫೋನು ರಿಪೇರಿಯ ಕೆಲಸ. ಒಂದು ವಾರ ಟೇಬಲ್ ಮೇಲೆ ಬಗ್ಗಿ, ಬೆಸುಗೆಯ ಸೀಸದ ಹೊಗೆ ಕುಡಿದು, ಬೆಂಕಿಪೊಟ್ಟಣದಷ್ಟು ದೊಡ್ಡ ಸರ್ಕ್ಯೂಟೊಂದನ್ನು ಕಟ್ಟಿದ. ಕರೆ ಬಂದ ನಂಬರನ್ನು ಅದು ಗುರುತಿಸುತ್ತಿತ್ತು. ಆಸ್ಪತ್ರೆಯ ನಂಬರಾದರೆ ಬೇರೆ ಸದ್ದು. ಉಳಿದವರಿಗೆಲ್ಲ ಮಾಮೂಲಿ ಗಂಟೆ. ಯಾವ ಸದ್ದು ಬೇಕೆಂದು ಕೇಳಿದಾಗ ಅವಳು, "ರೈಲಿನ ಸಿಳ್ಳು ಇರಲಿ. ಕೇಳಿದ ತಕ್ಷಣ ಹೊರಡಬೇಕಲ್ಲ" ಎಂದಳು.

"ಫೋನಿಗೂ ಮೇಲು ಕೀಳು ಮಾಡಿದ್ರಾ?" ಎಂದರು ಅತ್ತೆ. "ಕರೆಯೋರ ಅವಸರ ಗಂಟೆಗೇನು ಗೊತ್ತು?"

"ಅಮ್ಮಾ, ನೀನು ಸುಮ್ಮನಿರು. ನಾನೇ ಆಸ್ಪತ್ರೆ ಕೌಂಟರಿಂದ ಫೋನ್ ಮಾಡಿ ನೋಡಿದ್ದೀನಿ. ಸಿಳ್ಳು ಬಂತಾ ಇಲ್ವಾ?"

ಬಂದಿತ್ತು, ಸುಳ್ಳಲ್ಲ. ಅಂದಿನಿಂದ ಮನೆ ಉಸಿರಾಡಿತು. ಮಾಮೂಲಿ ಗಂಟೆ ಬಾರಿಸಿದರೆ ಅವಳು ತಲೆಯೆತ್ತುವುದನ್ನೂ ಬಿಟ್ಟಳು. ತಿಂಗಳುಗಟ್ಟಲೆ ಕಾಣದಿದ್ದ ನಿದ್ದೆ ಮಧ್ಯಾಹ್ನಗಳಲ್ಲಿ ತಾನಾಗಿಯೇ ಬಂದು ಪಕ್ಕದಲ್ಲಿ ಮಲಗತೊಡಗಿತು. ಅತ್ತೆ ಮಾತ್ರ ಹಳೆಯ ಚಾಳಿ ಬಿಡಲಿಲ್ಲ. ಯಾವ ಸದ್ದಿಗಾದರೂ ಮಂಡಿ ಹಿಡಿದುಕೊಂಡು ಎದ್ದು ಹೋಗುತ್ತಿದ್ದರು.

ಅಂಥದ್ದೇ ಒಂದು ಮಧ್ಯಾಹ್ನ ಫೋನು ಟ್ರಿಣ್ ಎಂದಿತು. ಗಂಡ ಅಂಗಡಿಯಲ್ಲಿದ್ದ. ಅತ್ತೆ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ಅವಳು ಅರೆನಿದ್ದೆಯಲ್ಲೇ ಕಿವಿಗೊಟ್ಟಳು. ಸಿಳ್ಳಲ್ಲ. ಮಗ್ಗುಲು ಬದಲಿಸಿದಳು. ಗಂಟೆ ಬಾರಿಸಿ ಬಾರಿಸಿ ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು. 'ಟೈರ್ ಬೇಕಾದವನಿಗೆ ಭಾರೀ ಹಟ' ಎಂದುಕೊಂಡು ದಿಂಬನ್ನು ಕಿವಿಗೆ ಒತ್ತಿಕೊಂಡಳು. ಅದೂ ನಿಂತಿತು. ಮೂರನೆಯ ಸಲ ಬಾರಿಸುವಾಗ ಮೆಟ್ಟಿಲ ಮೇಲೆ ದಡದಡ ಸದ್ದು.

"ಬಿದ್ದೀರಿ ಅತ್ತೆ! ಅವಸರ ಏನಿಲ್ಲ, ಮಾಮೂಲಿ ಗಂಟೆ!"

ಅತ್ತೆ ಒದ್ದೆ ಕೈಯಲ್ಲೇ ರಿಸೀವರ್ ಎತ್ತಿದ್ದರು. ಏದುಸಿರು ಬಿಡುತ್ತ ಕೇಳಿಸಿಕೊಂಡರು. ಅವರ ಮುಖ ಬಿಳಿಚಿಕೊಂಡದ್ದನ್ನು ಇವಳು ಮಲಗಿದಲ್ಲಿಂದಲೇ ಕಂಡಳು. "ಇದ್ದಾಳೆ ತಾಯಿ, ಇದ್ದಾಳೆ" ಎಂದು ಅತ್ತೆ ಫೋನಿನೊಳಗೆ ಕೂಗಿದರು. "ಎಲ್ಲೂ ಹೋಗಿಲ್ಲ. ಇಲ್ಲೇ ಇದ್ದಾಳೆ. ಬಂದ್ವಿ, ಹೊರಟೇ ಬಿಟ್ವಿ!"

ಆಸ್ಪತ್ರೆಗೆ ಓಡಿಬಂದ ಗಂಡನ ಕಣ್ಣು ಮೊದಲು ಬಿದ್ದದ್ದು ನರ್ಸಿನ ಮೇಜಿನ ಮೇಲಿದ್ದ ಫೋನಿನ ಮೇಲೆ. ಅದರ ಮೇಲೆ ಅಂಟಿಸಿದ್ದ ನಂಬರು ಕೌಂಟರಿನದಾಗಿರಲಿಲ್ಲ. "ಕೌಂಟರಿನ ಲೈನ್ ಬಿಡುವೇ ಇರಲಿಲ್ಲ. ಇದರಿಂದ ಮಾಡಿದೆ" ಎಂದಳು ನರ್ಸ್, ಅವನ ಹೆಂಡತಿಯ ತೋಳಿಗೆ ಪಟ್ಟಿ ಕಟ್ಟುತ್ತ. "ಎರಡು ಸಲ ಮಾಡಿದೆ, ಎತ್ತಲಿಲ್ಲ. ಕೊನೇ ಸಲ ಅಂತ ಮಾಡಿದ್ದು." ಗಂಡ ಅಂಟಿಸಿದ್ದ ಆ ನಂಬರನ್ನೇ ಮತ್ತೆ ಮತ್ತೆ ಓದಿದ. ಅತ್ತೆ ಅವನ ಬೆನ್ನು ಸವರಿ, "ಹೋಗ್ಲಿ ಬಿಡೋ, ಬಂದಾಯ್ತಲ್ಲ" ಎಂದರು.

ಸ್ಟ್ರೆಚರ್ ಆಪರೇಷನ್ ಕೋಣೆಯತ್ತ ಉರುಳಿತು. ಬಾಗಿಲ ಬಳಿ ಅವಳು ನರ್ಸಿನ ಸೆರಗು ಹಿಡಿದಳು.

"ಸಿಸ್ಟರ್, ನಾವು ಎತ್ತದೇ ಇದ್ದಿದ್ರೆ ಯಾರಿಗೆ ಹೋಗ್ತಿತ್ತು?"

"ಅದನ್ನೆಲ್ಲ ಹೇಳೋ ಹಾಗಿಲ್ಲಮ್ಮ."

"ಹೆಸರು ಬೇಡ. ಸುಮ್ಮನೆ ಕೇಳಿದೆ."

ನರ್ಸ್ ಸೆರಗು ಬಿಡಿಸಿಕೊಂಡು, ಅವಳ ಕೈಯನ್ನು ಮೆಲ್ಲಗೆ ಹೊದಿಕೆಯೊಳಗೆ ಸೇರಿಸಿದಳು.

"ಯಾರಾದ್ರೇನು... ಅವರ ಮನೇಲಿ ಯಾವಾಗ ಮಾಡಿದ್ರೂ ಒಂದೇ ರಿಂಗಿಗೆ ಎತ್ತುತ್ತಾರೆ."