ಗಾಳಿಯಿಲ್ಲದ ತೋಟ

ಬೋರಯ್ಯ ಮತ್ತೆ ಮರದಿಂದ ಬಿದ್ದ.

ಈ ಸಲ ರಕ್ತ ಬರಲಿಲ್ಲ. ನೆಲಕ್ಕೆ ತಾಗಿದವನು ಮರುಗಳಿಗೆಯಲ್ಲಿ ಮರದ ತುದಿಯಲ್ಲಿ ನಿಂತಿದ್ದ, ಇನ್ನೊಮ್ಮೆ ಬೀಳುವುದಕ್ಕೆ ಸಿದ್ಧವಾಗಿ.

ಕಂಪ್ಯೂಟರನ್ನು ದೇವಸ್ಥಾನದ ಜಗಲಿಯ ಮೇಲೆ ಇಟ್ಟಿದ್ದರು. ಊರೆಲ್ಲ ಅದರ ಮುಂದೆ ಬಾಯಿ ತೆರೆದು ಕೂತಿತ್ತು. ಗರ್ಭಗುಡಿಗೆ ಬೆನ್ನು ಹಾಕಿದ್ದೇವೆಂಬುದು ಒಬ್ಬರಿಗೂ ಹೊಳೆದಿರಲಿಲ್ಲ. ಪೂಜೆಗೆ ಬರಲು ಪುರುಸೊತ್ತಿಲ್ಲದವರೂ ಅಂದು ಬಂದಿದ್ದರು.

ನಿಜವಾದ ಬೋರಯ್ಯ ಸತ್ತದ್ದು ಶ್ರಾವಣದಲ್ಲಿ, ದೊಡ್ಡರಂಗಯ್ಯನ ತೆಂಗಿನ ತೋಟದಲ್ಲಿ. ಆ ತೋಟದ ಕಾಯಿ ಕೀಳುವವನೇ ಅವನು. ಅಂದು ತಾನು ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿದ್ದೆ, ಸಂಜೆ ಬಸ್ಸಿಗೆ ಬಂದಾಗ ಹೆಣ ಕಂಡೆ ಎಂದು ದೊಡ್ಡರಂಗಯ್ಯ ಊರ ಹಿರಿಯರ ಮುಂದೆ ಕರ್ಪೂರ ಹಚ್ಚಿ, ಆಣೆಯಿಟ್ಟು ಹೇಳಿದ್ದ. ಹೆಣ ಮರದ ಬುಡದಲ್ಲಿರಲಿಲ್ಲ, ಬಹಳ ಆಚೆಗೆ ಬಿದ್ದಿತ್ತು. ಹಾಗಾಗಿ ಅವನು ಜಾರಿ ಬಿದ್ದದ್ದಲ್ಲ, ತಾನಾಗಿ ಹಾರಿಕೊಂಡ ಎಂಬ ಮಾತು ಹುಟ್ಟಿತು. ಹುಟ್ಟಿಸಿದವನು ದೊಡ್ಡರಂಗಯ್ಯನೇ.

ತಾನಾಗಿ ಪ್ರಾಣ ಕಳೆದುಕೊಂಡವನಿಗೆ ಆ ಊರಿನಲ್ಲಿ ಹಿರಿಯರ ಎಡೆಯಲ್ಲಿ ಪಾಲಿಲ್ಲ. ಪಿತೃಪಕ್ಷ ಹತ್ತಿರ ಬಂದಿತ್ತು. ಹೆಂಡತಿ ಪುಟ್ಟಗಂಗಮ್ಮ ಗಂಡನ ಹೆಸರು ಹೇಳಿ ಒಂದು ಎಲೆ ಹಾಕಬಹುದೋ ಇಲ್ಲವೋ, ಅದು ಇಂದು ತೀರ್ಮಾನವಾಗಬೇಕು. ತೀರ್ಮಾನಿಸುವುದು ಈ ಪೆಟ್ಟಿಗೆ.

ಪೆಟ್ಟಿಗೆಯ ಒಡೆಯ ಬೀರೇಶ್, ದೊಡ್ಡರಂಗಯ್ಯನ ಅಕ್ಕನ ಮಗ, ತಿಪಟೂರಿನಲ್ಲಿ ಕಂಪ್ಯೂಟರ್ ಕಲಿಸುವವನು. ಊರಿನ ಮಾತು ಅವನಿಗೆ ಕಸಕ್ಕೆ ಸಮ. ಬೆಳಿಗ್ಗೆ ಬಂದವನು ಯಾರನ್ನೂ ಮಾತಾಡಿಸಿರಲಿಲ್ಲ. ಬೇಕಾದ ವಿವರವನ್ನೆಲ್ಲ ಮಾವನೇ ಮೊದಲು ತಿಪಟೂರಿಗೆ ಹೋಗಿ ಕೊಟ್ಟು ಬಂದಿದ್ದ. ಒಂದು ಸುಳ್ಳು ಸೇರಿದರೂ ಲೆಕ್ಕ ನಿಲ್ಲುವುದಿಲ್ಲವೆಂದು ಅಳಿಯ ಹೆದರಿಸಿದ್ದ.

"ಗರಿ ಒಂದೂ ಅಲ್ಲಾಡ್ತಿಲ್ವಲ್ಲ ಕಣಪ್ಪ, ಯಾವ ಸೀಮೆ ಮರ ಇದು?" ಎಂದಳು ಮುದುಕಿ ಹುಚ್ಚಕ್ಕ.

"ಗಾಳಿ ಹಾಕಿಲ್ಲಮ್ಮ."

"ಗಾಳಿ ಹಾಕೋಕೆ ನೀನ್ಯಾರ್ಲಾ?"

"ಇಲ್ಲಿ ನಾನೇ ಎಲ್ಲ. ಭೂಮಿ ಎಳೆಯೋದು, ಗಾಳಿ ಬೀಸೋದು, ಕಾಯಿ ಬೀಳೋದು, ಎಲ್ಲ ನಾನು ಬರೆದಂಗೆ. ನಾನು ಹೇಳದೆ ಒಂದು ಇರುವೆ ಹರಿಯಲ್ಲ. ನೋಡಿ ಬೇಕಾದ್ರೆ."

ಒಂದು ಅಂಕಿ ತಿದ್ದಿದ. ಬೋರಯ್ಯ ಕೆಳಗೆ ಬೀಳದೆ ಗಾಳಿಪಟದಂತೆ ಮೇಲಕ್ಕೆ ತೇಲಿಹೋದ. ಜನ ಕೇಕೆ ಹಾಕಿ ನಕ್ಕರು. ಸತ್ತವನ ಹೆಂಡತಿ ಕಂಬಕ್ಕೆ ಒರಗಿ ಕೂತಿದ್ದಾಳೆಂಬುದನ್ನು ಮರೆಯಲು ಅವರಿಗೆ ಅಷ್ಟೇ ಸಾಕಾಯಿತು.

ಬೀರೇಶ್ ಅಂಕಿಯನ್ನು ಮೊದಲಿನಂತೆ ಮಾಡಿದ.

"ಈಗ ಕೇಳಿ. ಕಾಲು ಜಾರಿದವನು ನೇರವಾಗಿ ಬುಡಕ್ಕೆ ಬೀಳ್ತಾನೆ. ಹಿಂಗೆ." ಬೋರಯ್ಯ ಬುಡಕ್ಕೆ ಬಿದ್ದ. "ಅಷ್ಟು ದೂರಕ್ಕೆ ಬೀಳಬೇಕಾದ್ರೆ ಬೇರೆ ಬಲ ಬೇಕು. ಕಾಲಿಂದ ಒದ್ದು ಹಾರಬೇಕು. ಹಿಂಗೆ."

ಬೋರಯ್ಯ ಮಟ್ಟೆಯ ಮೇಲೆ ನಿಂತಿದ್ದ. ಅವನ ಕೈಯಿಂದ ಹಗ್ಗ ಹೊರಟಿತ್ತು, ಹಗ್ಗದ ನಡುವೆ ಎಳನೀರಿನ ಗೊನೆ. ಶ್ರಾವಣದಲ್ಲಿ ದೇವರಿಗೆ ಒಪ್ಪಿಸುವ ಗೊನೆ ನೆಲ ಮುಟ್ಟಬಾರದು, ಕಾಂಡಕ್ಕೂ ಸೋಕಬಾರದು. ಅಲ್ಲಿ ಕೂತ ಗಂಡಸರೆಲ್ಲ ಒಂದಲ್ಲ ಒಂದು ವರ್ಷ ಅಂಥ ಗೊನೆಯನ್ನು ಹಗ್ಗದಲ್ಲಿ ಇಳಿಸಿದವರೇ. ಆದರೆ ಗಾಜಿನ ಬಣ್ಣಕ್ಕೆ ಮರುಳಾಗಿ ಕೂತಿದ್ದರು, ಜಾತ್ರೆಯ ಬಲೂನು ಕಂಡ ಮಕ್ಕಳಂತೆ. ಬೋರಯ್ಯ ಮುಂದಕ್ಕೆ ಬಾಗಿದ. ಮಟ್ಟೆ ಬಿಟ್ಟ. ದೂರಕ್ಕೆ, ನೋಡುವವರ ಕಡೆಗೇ ಬಂದು ಬಿದ್ದ.

"ಅಯ್ಯೋ, ಹಾರೇಬುಟ್ಟ!" ಎಂದರು ಯಾರೋ, ಕಣ್ಣಾರೆ ಕಂಡವರಂತೆ.

ಹಿರಿಯ ಮೂಡಲಗಿರಿಯಪ್ಪ ಗಂಟಲು ಸರಿಮಾಡಿಕೊಂಡ. ಇಷ್ಟು ದಿನ ತೀರ್ಪು ಹೇಳಲಾರದೆ ಒದ್ದಾಡಿದ್ದವನಿಗೆ ಯಂತ್ರ ಹೆಗಲು ಕೊಟ್ಟಿತ್ತು.

"ಕಂಪ್ಯೂಟರ್ರೇ ಹೇಳಿದ್ಮೇಲೆ ನಮ್ದೇನೈತೆ ಪುಟ್ಟಗಂಗಮ್ಮ? ಈ ಸಲ ಎಡೆ ಇಡಬ್ಯಾಡ ಕಣವ್ವ."

"ಯಾವ ಸಲ ಇಡ್ಲಿ?"

ಮೂಡಲಗಿರಿಯಪ್ಪ ಶಲ್ಯ ಸರಿಮಾಡಿಕೊಂಡ.

ದೊಡ್ಡರಂಗಯ್ಯ ಕಣ್ಣೊರೆಸಿಕೊಂಡ. ಹಣೆಯ ತುಂಬ ನಾಮ, ಕೊರಳ ತುಂಬ ತುಳಸಿಮಣಿ. "ತಮ್ಮನಂಗಿದ್ದ ನಂಗೆ. ಏನು ಕಷ್ಟ ಇತ್ತೋ, ಬಾಯಿಬುಟ್ಟು ಹೇಳ್ಲಿಲ್ಲ."

"ಅವ್ನು ಹಾರೋನಲ್ಲ ಯಜಮಾನ್ರೇ," ಎಂದಳು ಪುಟ್ಟಗಂಗಮ್ಮ. "ಬೆಳಿಗ್ಗೆ ಮುದ್ದೆ ಉಂಡು, ಸಂಜೀಕೆ ಉಪ್ಪುಸಾರು ಮಾಡಿರು ಅಂತ ಹೇಳಿ ಹೋದೋನು."

"ಉಪ್ಪುಸಾರು ಲೆಕ್ಕಕ್ಕೆ ಬರಲ್ಲಮ್ಮ," ಎಂದ ಬೀರೇಶ್. ಕೆಲವರು ನಕ್ಕರು.

ಅವಳು ಎದ್ದು ಬಂದು ಕಂಪ್ಯೂಟರಿನ ಮುಂದೆ ನಿಂತಳು. ಗಂಡ ಮತ್ತೆ ಮರದ ಮೇಲಿದ್ದ. ಗಾಜಿನ ಮೇಲೆ ಬೆರಳಿಟ್ಟು ಅವನ ಕೈಯಿಂದ ಹಗ್ಗದ ಜೊತೆಯಲ್ಲೇ ಕೆಳಕ್ಕೆ ಬಂದಳು. ಹಗ್ಗ ನೇರವಾಗಿ ತೂಗುತ್ತಿರಲಿಲ್ಲ. ಓರೆಯಾಗಿ, ಬಿಗಿಯಾಗಿ ಇಳಿದು, ಚಿತ್ರದ ಕೆಳ ಅಂಚಿನಲ್ಲಿ ಕಾಣದಾಗಿತ್ತು.

"ಗಾಳಿನೇ ಇಲ್ಲ ಅಂದ್ಯಲ್ಲಪ್ಪ. ಹಗ್ಗ ಯಾಕೆ ಇತ್ಲಾಗೆ ಬಂದೈತೆ? ಈ ತುದಿ ಎಲ್ಲೋಯ್ತು?"

ದೊಡ್ಡರಂಗಯ್ಯ ಮೇಲೆದ್ದ. "ಬೀರೇಶ, ಮುಚ್ಚಪ್ಪ ಸಾಕು. ಮಂಗಳಾರತಿ ಹೊತ್ತಾಯ್ತು."

ಮೂರ್ಖ ಪ್ರಶ್ನೆಗಳಿಗೆ ಉತ್ತರ ಹೇಳಿ ಮುಗಿಸುವುದು ಬೀರೇಶನ ಚಾಳಿ. ಅವಳ ಬೆರಳನ್ನು ಸರಿಸಿ, ಗಾಜನ್ನು ಕರವಸ್ತ್ರದಿಂದ ಒರೆಸುತ್ತ ಹೇಳಿದ:

"ಎಲ್ಲಿಗೂ ಹೋಗಿಲ್ಲಮ್ಮ, ನೋಡೋರ ಕೈಯಲ್ಲಿದೆ ಅಷ್ಟೆ. ಮಾವ ಕೆಳಗೆ ಹಗ್ಗ ಹಿಡಿದು ಎಳೀತಿದ್ದಾಗ ಅವರ ಕಣ್ಣಿಗೆ ಹೆಂಗೆ ಕಂಡಿತೋ ಹಂಗೇ ಬರೆದಿದೀನಿ."